ಅಕ್ಷತೆ ಬಿದ್ದ ಮೇಲೂ ವೀಸಾ ಯಾಕೆ?

ಪುಣೆಗೆ ಓದಲು ಬರುವ ಹೊರದೇಶದವರ ಸಾಲು ಇಂದು ನಿನ್ನೆಯದಲ್ಲ. ಇರಾನಿನವರು, ಆಫ್ರಿಕದವರು, ಯುರೋಪಿನವರು ಎಲ್ಲರೂ ಬರುತ್ತಾರೆ. ಹೀಗಾಗಿ ಸದಾಶಿವ ಪೇಠೆಯಂಥ ಹಳೇ ಪೇಠೆಯ ಮನೆಗೂ ವಿದೇಶಿ ಸೊಸೆಯೋ ಅಳಿಯನೋ ಬಂದರೆ ಈಗ ಓಣಿಯೇನೂ ಎದ್ದು ನಿಲ್ಲುವುದಿಲ್ಲ. ಧಾರವಾಡ, ವಿಜಯಪುರದ ಕಡೆಯಿಂದ ಬಂದು ನೆಲೆಸಿದ ನಮ್ಮ ಮನೆಗಳಲ್ಲಿ ಹಿರಿಯರು ಆಗ ಹೇಳುವ ಮಾತು ಮಾತ್ರ ಒಂದೇ: ‘ಲಗ್ನ ಆತಲ್ರಿ, ಇನ್ನ ಆಕಿ ನಮ್ಮಾಕಿ. ಮತ್ತ್ಯಾವ ಕಾಗದಾ?’

ಆಕೆ ಮನೆಯವಳಾದದ್ದು ನಿಜ. ಸರ್ಕಾರದ ಪಾಲಿಗೆ ಇನ್ನೂ ವಿದೇಶಿಯೇ. ತಾಳಿಯಿಂದ ಸಿಗುವುದು ಅರ್ಜಿ ಹಾಕುವ ಅರ್ಹತೆ; ಇರುವ ಪರವಾನಗಿ ಬೇರೆ, ಪೌರತ್ವ ಇನ್ನೂ ಬೇರೆ.

ಹಿರಿಯರ ನಂಬಿಕೆ ಪೂರ್ತಿ ಬುಡವಿಲ್ಲದ್ದೂ ಅಲ್ಲ. 1955ರ ಪೌರತ್ವ ಕಾಯ್ದೆ ಮೊದಲು ಬಂದಾಗ, ಭಾರತೀಯನನ್ನು ಮದುವೆಯಾದ ಹೆಣ್ಣು ನೋಂದಣಿಯ ಮೂಲಕ ಪೌರತ್ವ ಕೇಳಬಹುದಿತ್ತು. ಇಷ್ಟು ವರ್ಷ ಇಲ್ಲಿದ್ದಿರಬೇಕೆಂಬ ಷರತ್ತು ಆ ಕಲಮಿನಲ್ಲಿರಲಿಲ್ಲ. ವಿದೇಶಿ ಅಳಿಯನಿಗೆ ಆ ದಾರಿಯೇ ಇರಲಿಲ್ಲ. 1986ರ ತಿದ್ದುಪಡಿ ಗಂಡಸರನ್ನೂ ಸೇರಿಸಿತು, ಜೊತೆಗೆ 5 ವರ್ಷದ ವಾಸವನ್ನೂ ಕೇಳಿತು. 2003ರ ತಿದ್ದುಪಡಿ ಅದನ್ನು 7 ವರ್ಷಕ್ಕೆ ಏರಿಸಿತು. ಅಜ್ಜ ಹೇಳುವುದು ಅಜ್ಜನ ಕಾಲದ ಕಾನೂನು. ಆಗಲೂ ಅರ್ಜಿ ತಪ್ಪುತ್ತಿರಲಿಲ್ಲ ಎಂಬುದನ್ನಷ್ಟೇ ಅವರು ಮರೆತಿರುತ್ತಾರೆ.

ನಮ್ಮ ಗಡಿಗೆ ಹತ್ತಿರದ ಸಾಂಗಲಿ ಜಿಲ್ಲೆಯ ಕಾಸೇಗಾಂವದಲ್ಲಿ ಬಾಳಿದ ಗೇಲ್ ಆಮ್ವೆಟ್ ಅವರನ್ನೇ ನೋಡಿ. ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ ಹುಟ್ಟಿ, ಜೋತಿಬಾ ಫುಲೆಯವರ ಚಳವಳಿಯ ಬಗ್ಗೆ ಸಂಶೋಧನೆ ಮಾಡಲು ಮಹಾರಾಷ್ಟ್ರಕ್ಕೆ ಬಂದವರು. ಭಾರತ್ ಪಾಟಣಕರ್ ಅವರನ್ನು ಮದುವೆಯಾದದ್ದು 1976ರಲ್ಲಿ, ಭಾರತದ ಪ್ರಜೆಯಾದದ್ದು 1983ರಲ್ಲಿ. 2021ರಲ್ಲಿ ಕಾಸೇಗಾಂವದಲ್ಲೇ ತೀರಿಕೊಂಡರು. ಹಳ್ಳಿಹಳ್ಳಿ ಸುತ್ತಿ ಊರಿನವರೇ ಆಗಿಹೋಗಿದ್ದ ಅವರಿಗೂ ಮದುವೆಯ ದಿನವೇ ಪೌರತ್ವ ಬರಲಿಲ್ಲ.

ಇನ್ನೊಂದು ಗಟ್ಟಿ ನಂಬಿಕೆ: ಮಂಗಲ ಕಾರ್ಯಾಲಯ ಹಿಡಿದು, ಭಟ್ಟರನ್ನು ಕರೆಸಿ, ಸಪ್ತಪದಿ ತುಳಿಸಿ, ಫೋಟೊ ಆಲ್ಬಮ್ ಮಾಡಿಸಿದರೆ ಮದುವೆ ಪಕ್ಕಾ. ಆದರೆ ಹಿಂದೂ ವಿವಾಹ ಕಾಯ್ದೆಯಡಿ ಇಬ್ಬರೂ ಹಿಂದೂಗಳಾಗಿರಬೇಕು. ಒಬ್ಬರು ಕ್ರೈಸ್ತರಾಗಿದ್ದರೆ ಆ ಕಾಯ್ದೆಯಡಿ ಮದುವೆ ಊರ್ಜಿತವಲ್ಲ ಎಂದು ಸುಪ್ರೀಂ ಕೋರ್ಟ್ 2008ರಲ್ಲೇ ಹೇಳಿದೆ. ಇಂಥ ಜೋಡಿಗೆ ಇರುವುದು 1954ರ ವಿಶೇಷ ವಿವಾಹ ಕಾಯ್ದೆ. ಇಬ್ಬರಲ್ಲಿ ಒಬ್ಬರಾದರೂ ಮದುವೆಯ ನೋಟಿಸು ಕೊಡುವ ಮುಂಚೆ 30 ದಿನ ಆ ಜಿಲ್ಲೆಯಲ್ಲಿ ವಾಸವಿದ್ದಿರಬೇಕು. ನೋಟಿಸು ಹಚ್ಚಿದ ಮೇಲೆ ಆಕ್ಷೇಪಣೆಗೆ ಮತ್ತೆ 30 ದಿನ. ಆಮೇಲೆ 3 ಸಾಕ್ಷಿಗಳ ಎದುರು ಸಹಿ. ನೋಟಿಸು ಕೊಟ್ಟು 3 ತಿಂಗಳೊಳಗೆ ಮದುವೆ ಆಗದಿದ್ದರೆ ಎಲ್ಲವೂ ಮೊದಲಿನಿಂದ. ವಿದೇಶಿಯರಿಂದ ‘ಮದುವೆಗೆ ಅಡ್ಡಿಯಿಲ್ಲ’ ಎಂಬ ಅವರ ದೂತಾವಾಸದ ಪತ್ರವನ್ನೂ ಸಾಮಾನ್ಯವಾಗಿ ಕೇಳುತ್ತಾರೆ. ಮೂರು ವಾರದ ರಜೆ ಹಾಕಿ ಬಂದು ‘ಎಲ್ಲಾ ಮುಗಿಸಿಕೊಂಡು ಹೋಗೋಣ’ ಎನ್ನುವ ಜೋಡಿಗಳು ಎಡವುವುದು ಈ ಲೆಕ್ಕದಲ್ಲೇ. ಶಾಸ್ತ್ರದ ಮದುವೆ ಆಗಿಹೋಗಿದ್ದರೂ ಅದೇ ಕಾಯ್ದೆಯ 15ನೇ ಕಲಮಿನಡಿ ನೋಂದಾಯಿಸಲು ದಾರಿಯಿದೆ. ಅಲ್ಲೂ 30 ದಿನದ ವಾಸ ತಪ್ಪಿದ್ದಲ್ಲ.

‘ಟೂರಿಸ್ಟ್ ವೀಸಾದಾಗ ಬಂದು ಲಗ್ನ ಆದ್ರ ದೇಶಕ್ಕ ವಾಪಸ್ ಹೋಗಿನ ಬರಬೇಕು’ ಎನ್ನುವವರೂ ಇದ್ದಾರೆ. ಹಾಗೇನಿಲ್ಲ. ಕೈಯಲ್ಲಿರುವ ವೀಸಾದ ಅವಧಿ ಮುಗಿಯುವ ಮೊದಲೇ ಮದುವೆಯಾದವರು ಅದನ್ನು ಭಾರತೀಯರ ಸಂಗಾತಿಗೆ ಕೊಡುವ ಎಕ್ಸ್-2 ವೀಸಾಕ್ಕೆ ಬದಲಿಸಲು ಇಲ್ಲಿಂದಲೇ ಕೇಳಬಹುದು. ಅರ್ಜಿ ಆನ್‌ಲೈನ್, ಪುಣೆಯಲ್ಲಿ ನೋಡುವುದು ಪೊಲೀಸ್ ಕಮಿಷನರ್ ಕಚೇರಿಯ ವಿದೇಶಿಯರ ನೋಂದಣಿ ವಿಭಾಗ. ಗಂಡ-ಹೆಂಡತಿ ಒಟ್ಟಿಗೆ ಇದ್ದಾರೆಯೇ ಎಂಬ ವಿಚಾರಣೆ ನಡೆಯುತ್ತದೆ. ಸದಾಶಿವ ಪೇಠೆಯಲ್ಲಿ ಇದಕ್ಕೇನೂ ಕಷ್ಟವಿಲ್ಲ; ಯಾರ ಮನೆಗೆ ಯಾರು ಎಷ್ಟು ಹೊತ್ತಿಗೆ ಬಂದರು ಎಂಬುದು ನೆರೆಯವರಿಗೆ ಪೊಲೀಸರಿಗಿಂತ ಚೆನ್ನಾಗಿ ಗೊತ್ತಿರುತ್ತದೆ.

ಅವಧಿ ಮೀರಿದ ಮೇಲೆ ಮಾತ್ರ ಕಥೆ ಬೇರೆ. 2025ರ ಸೆಪ್ಟೆಂಬರ್ 1ರಿಂದ ಜಾರಿಯಲ್ಲಿರುವ ವಲಸೆ ಮತ್ತು ವಿದೇಶಿಯರ ಕಾಯ್ದೆಯಲ್ಲಿ ವೀಸಾ ಮೀರಿ ಉಳಿದವರಿಗೆ 3 ವರ್ಷದವರೆಗೆ ಜೈಲು, 3 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು. ಇದಕ್ಕಿಂತ ದೊಡ್ಡ ಪೆಟ್ಟು ಒಂದಿದೆ, ಅದು ಹೆಚ್ಚಿನವರಿಗೆ ಗೊತ್ತೇ ಇಲ್ಲ. 2004ರ ಡಿಸೆಂಬರ್ 3ರ ನಂತರ ಇಲ್ಲಿ ಹುಟ್ಟಿದ ಮಗು ಹುಟ್ಟಿನಿಂದಲೇ ಭಾರತೀಯ ಆಗಬೇಕಾದರೆ, ತಂದೆತಾಯಿಯಲ್ಲಿ ಒಬ್ಬರು ಭಾರತೀಯರಾಗಿದ್ದರಷ್ಟೇ ಸಾಲದು. ಇನ್ನೊಬ್ಬರು ಆ ಹೊತ್ತಿಗೆ ‘ಅಕ್ರಮ ವಲಸಿಗ’ ಆಗಿರಬಾರದು. ವೀಸಾ ಮುಗಿದ ಮೇಲೂ ಉಳಿದವರನ್ನು ಪೌರತ್ವ ಕಾಯ್ದೆ ಅದೇ ಹೆಸರಿನಿಂದ ಕರೆಯುತ್ತದೆ. ‘ಬಾಣಂತನ ಮುಗೀಲಿ, ಆಮೇಲೆ ನೋಡೋಣ’ ಎಂದು ಮುಂದೂಡಿದ ಕಾಗದ ಕೂಸಿನ ಪೌರತ್ವವನ್ನೇ ಹಿಡಿದು ನಿಲ್ಲಿಸಬಹುದು.

ಓಸಿಐ, ಅಂದರೆ ‘ಸಾಗರೋತ್ತರ ಭಾರತೀಯ ನಾಗರಿಕ’ ಕಾರ್ಡ್ ಬಗ್ಗೆ ಹೇಳದಿದ್ದರೆ ಮಾತು ಮುಗಿಯದು. ಮದುವೆ ನೋಂದಣಿಯಾಗಿ, ಸತತ 2 ವರ್ಷ ಉಳಿದಿದ್ದರೆ ಸಂಗಾತಿ ಇದಕ್ಕೆ ಅರ್ಜಿ ಹಾಕಬಹುದು. ಭದ್ರತಾ ತಪಾಸಣೆ ಆಗುತ್ತದೆ. ಪಾಕಿಸ್ತಾನ, ಬಾಂಗ್ಲಾದೇಶದ ಪ್ರಜೆಗಳಿಗೆ, ತಂದೆತಾಯಿ ಅಥವಾ ಅಜ್ಜ-ಅಜ್ಜಿ ಅಲ್ಲಿಯ ಪ್ರಜೆಗಳಾಗಿದ್ದವರಿಗೆ ಈ ದಾರಿ ಇಲ್ಲ. ಹೆಸರಿನಲ್ಲಿ ‘ನಾಗರಿಕ’ ಎಂದಿರುವುದರಿಂದ ಎರಡೂ ದೇಶಗಳ ಪೌರತ್ವ ಸಿಕ್ಕಿತೆಂದು ಪೇಢೆ ಹಂಚಿದವರಿದ್ದಾರೆ. ಅದು ಆಜೀವ ವೀಸಾ, ಅಷ್ಟೇ. ಮತ ಹಾಕುವಂತಿಲ್ಲ, ವಿಜಯಪುರದ ಕಡೆ ಜೋಳದ ಹೊಲ ಕೊಳ್ಳುವಂತಿಲ್ಲ. ವಿಚ್ಛೇದನವಾದರೆ ಮದುವೆಯ ಆಧಾರದ ಮೇಲೆ ಪಡೆದ ಕಾರ್ಡನ್ನು ರದ್ದು ಮಾಡಲು ಪೌರತ್ವ ಕಾಯ್ದೆಯ 7ಡಿ ಕಲಮಿನಲ್ಲಿ ಅವಕಾಶವಿದೆ. ಆಜೀವ ಎಂಬುದು ಯಾರ ಜೀವಕ್ಕೆ ಎಂದು ಕೇಳಬೇಕೆನಿಸುತ್ತದೆ.

ಇನ್ನು ನಮ್ಮ ಮಗಳೇ ಹೊರಗೆ ಹೋದರೆ? ಅಲ್ಲೂ ಇದೇ ಪಾಠ, ಬೇರೆ ಪುಸ್ತಕ. ಜರ್ಮನಿಯವನನ್ನು ಮದುವೆಯಾದವಳಿಗೆ ವೀಸಾಕ್ಕೆ ಮೊದಲು ಸಾಮಾನ್ಯವಾಗಿ ಎ-1 ಮಟ್ಟದ ಜರ್ಮನ್ ಬೇಕು. ಅಮೆರಿಕದ ಪ್ರಜೆಯ ಜೊತೆ ಮದುವೆಯಾಗಿ 2 ವರ್ಷ ತುಂಬದೆ ಸಿಗುವ ಗ್ರೀನ್ ಕಾರ್ಡ್ 2 ವರ್ಷದ ಷರತ್ತಿನದು. ಅದು ಮುಗಿಯುವ ಮುಂಚಿನ 90 ದಿನಗಳಲ್ಲಿ ಗಂಡ-ಹೆಂಡತಿ ಸೇರಿ ಮತ್ತೆ ಅರ್ಜಿ ಹಾಕಬೇಕು. ‘ಪರದೇಶದವನ್ನ ಮಾಡಿಕೊಂಡ್ಲು, ಇಂಡಿಯಾ ಪಾಸ್‌ಪೋರ್ಟ್ ಹೋತು’ ಎಂಬ ಮಾತು ಮಾತ್ರ ಶುದ್ಧ ಸುಳ್ಳು. ಮದುವೆಯಿಂದ ಅವಳ ಪೌರತ್ವ ಹೋಗುವುದಿಲ್ಲ, ಗ್ರೀನ್ ಕಾರ್ಡಿನಿಂದಲೂ ಹೋಗುವುದಿಲ್ಲ. ತಾನಾಗಿ ಆ ದೇಶದ ಪೌರತ್ವ ಪಡೆದ ದಿನವೇ ಹೋಗುತ್ತದೆ; ಆಮೇಲೆ ಭಾರತದ ಪಾಸ್‌ಪೋರ್ಟನ್ನು ಒಪ್ಪಿಸಬೇಕು, ಊರಿಗೆ ಬರಲು ಅವಳಿಗೂ ವೀಸಾ ಇಲ್ಲವೇ ಓಸಿಐ ಬೇಕು.