ಅನ್ಯ ಯಂತ್ರದಲ್ಲಿ ಮ್ಯಾಕ್: ದೋಷದ ನೆಲೆಯನ್ನು ಅರಸುವ ಬಗೆ

ಬೆಂಗಳೂರಿನ ಎಸ್.ಪಿ. ರಸ್ತೆಯಂತಹ ಪೇಟೆಗಳಲ್ಲಿ ಮದರ್‌ಬೋರ್ಡು, ಪ್ರೊಸೆಸರು, ಗ್ರಾಫಿಕ್ಸ್ ಕಾರ್ಡು, ಪವರ್ ಸಪ್ಲೈ, ಕ್ಯಾಬಿನೆಟ್ಟು ಎಂದು ಒಂದೊಂದನ್ನೇ ಆರಿಸಿ ಕೊಂಡು, ತಮ್ಮ ಅಗತ್ಯಕ್ಕೂ ಕೈಯಲ್ಲಿರುವ ಹಣಕ್ಕೂ ಸರಿಹೊಂದುವಂತೆ ಜೋಡಿಸಿಕೊಂಡ ಗಣಕಯಂತ್ರದ ಒಡೆಯರಲ್ಲಿ ಕೆಲವರಿಗೆ ಒಂದಲ್ಲ ಒಂದು ದಿನ ವಿಚಿತ್ರವಾದ ಅಭಿಲಾಷೆಯೊಂದು ಹುಟ್ಟುವುದುಂಟು. ಆಪಲ್ ಸಂಸ್ಥೆಯು ತನ್ನ ಯಂತ್ರಗಳಿಗೆಂದೇ ರಚಿಸಿ, ಅವುಗಳಲ್ಲದೆ ಬೇರೆಲ್ಲಿಯೂ ನಡೆಸಕೂಡದೆಂದು ಪರವಾನಗಿಯ ಕರಾರಿನಲ್ಲಿಯೇ ಬರೆದಿರುವ ಮ್ಯಾಕ್ ಓಎಸ್ ಅನ್ನು ಈ ಅನ್ಯ ಯಂತ್ರದಲ್ಲಿ ನಡೆಸಿ ನೋಡಬೇಕೆಂಬುದೇ ಆ ಅಭಿಲಾಷೆ. ಇಂತಹ ಯಂತ್ರವು ಲೋಕದಲ್ಲಿ ‘ಹ್ಯಾಕಿಂಟಾಷ್’ ಎಂದು ಪ್ರಸಿದ್ಧವಾಗಿದೆ. ಹಾಗೆ ಹೊರಟವರಲ್ಲಿ ಅನೇಕರು ನಡುದಾರಿಯಲ್ಲಿ ಕಪ್ಪು ಪರದೆಯ ಮುಂದೆ ಕೈಚೆಲ್ಲಿ ಕುಳಿತುಬಿಡುತ್ತಾರೆ. ಅವರ ಕಷ್ಟದ ಬಹುಭಾಗಕ್ಕೆ ಮೂಲವು, ದೋಷ ಕಾಣಿಸಿಕೊಂಡ ಎಡೆಯಲ್ಲಿಯೇ ದೋಷವನ್ನು ಅರಸುವ ಸಹಜವಾದ ಆತುರವೆಂದು ಹೇಳಿದರೆ ಉತ್ಪ್ರೇಕ್ಷೆಯಾಗಲಾರದು.

ಈ ಸಾಹಸವು ಸಾಧ್ಯವಾದುದಾದರೂ ಹೇಗೆಂಬುದನ್ನು ಮೊದಲು ನೋಡಬೇಕು. 2005ನೆಯ ಇಸವಿಯ ಜೂನ್ ತಿಂಗಳಿನಲ್ಲಿ ಸ್ಟೀವ್ ಜಾಬ್ಸ್, ಅದುವರೆಗೆ ಮ್ಯಾಕ್ ಯಂತ್ರಗಳ ಹೃದಯವಾಗಿದ್ದ ಪವರ್‌ಪಿಸಿ ಪ್ರೊಸೆಸರನ್ನು ಕೈಬಿಟ್ಟು ಇಂಟೆಲ್ ಪ್ರೊಸೆಸರನ್ನು ಅಂಗೀಕರಿಸುವುದಾಗಿ ಘೋಷಿಸಿದರು. 2006ರ ಜನವರಿಯಲ್ಲಿ ಮೊದಲ ಇಂಟೆಲ್ ಮ್ಯಾಕ್‌ಗಳು ಹೊರಬಂದವು. ಅಂದಿನಿಂದ ಆಪಲ್‌ನ ಯಂತ್ರಕ್ಕೂ ಪೇಟೆಯಲ್ಲಿ ಜೋಡಿಸಿದ ಯಂತ್ರಕ್ಕೂ ಪ್ರೊಸೆಸರಿನ ಮಟ್ಟಿಗೆ ಕುಲಭೇದವಿಲ್ಲದಂತಾಯಿತು. ಉಳಿದದ್ದು ಫರ್ಮ್‌ವೇರ್‌ನ ಭೇದ, ಎಸ್‌ಎಂಸಿ ಎಂಬ ಚಿಪ್ಪಿನ ಭೇದ, ಮತ್ತು ಯಾವ ಯಾವ ಬಿಡಿಭಾಗಗಳಿಗೆ ಡ್ರೈವರ್‌ಗಳನ್ನು ಬರೆಯಲಾಗಿದೆಯೆಂಬ ಭೇದ. ಹವ್ಯಾಸಿಗಳು ಈ ಕಂದಕಗಳಿಗೆ ಒಂದೊಂದಾಗಿ ಸೇತುವೆ ಕಟ್ಟಿದರು. ಅದನ್ನೇ ವ್ಯಾಪಾರವನ್ನಾಗಿ ಮಾಡಿಕೊಂಡು 2008ರಲ್ಲಿ ಇಂತಹ ಯಂತ್ರಗಳನ್ನು ಮಾರತೊಡಗಿದ ಅಮೆರಿಕದ ಫ್ಲಾರಿಡಾದ ಸೈಸ್ಟಾರ್ ಎಂಬ ಸಂಸ್ಥೆಯ ಮೇಲೆ ಆಪಲ್ ದಾವೆ ಹೂಡಿತು. 2009ರಲ್ಲಿ ನ್ಯಾಯಾಲಯವು ಆಪಲ್ ಪರವಾಗಿ ತೀರ್ಪಿತ್ತು ಆ ಮಾರಾಟವನ್ನು ನಿಷೇಧಿಸಿತು. ಮನೆಯಲ್ಲಿ ಕುಳಿತು ಮಾಡುವ ಪ್ರಯೋಗವೂ ಕರಾರಿನ ಉಲ್ಲಂಘನೆಯೇ ಸರಿ. ಅದನ್ನು ಅರಿತೇ ಮುಂದುವರಿಯತಕ್ಕದ್ದು.

ಈಗ ಬಳಕೆಯಲ್ಲಿರುವ ಮುಖ್ಯ ಸಾಧನ ಓಪನ್‌ಕೋರ್ ಎಂಬ ಬೂಟ್‌ಲೋಡರ್. ಡಿಸ್ಕಿನ ಮೊದಲಲ್ಲಿರುವ ಇಎಫ್‌ಐ ಎಂಬ ಪುಟ್ಟ ವಿಭಾಗದಲ್ಲಿ ನೆಲಸಿ, ಫರ್ಮ್‌ವೇರ್‌ಗೂ ಮ್ಯಾಕ್ ಓಎಸ್‌ಗೂ ನಡುವೆ ನಿಂತು, ‘ಈ ಯಂತ್ರವು 2019ರ ಐಮ್ಯಾಕ್’ ಎಂದೋ ‘ಮ್ಯಾಕ್ ಪ್ರೊ’ ಎಂದೋ ಅದು ಪರಿಚಯ ಹೇಳುತ್ತದೆ. ಎಸ್‌ಎಂಸಿ ಚಿಪ್ಪು ಇಲ್ಲದೆಡೆ ವರ್ಚುವಲ್‌ಎಸ್‌ಎಂಸಿ ಎಂಬ ಕೆಕ್ಸ್ಟ್ ಅದರ ವೇಷ ತೊಡುತ್ತದೆ. ಕೆಕ್ಸ್ಟ್ ಎಂದರೆ ಕರ್ನಲ್‌ಗೆ ಜೋಡಿಸುವ ತುಣುಕು ತಂತ್ರಾಂಶ. ಧ್ವನಿಗೆ ಆಪಲ್‌ಎಎಲ್‌ಸಿ, ಗ್ರಾಫಿಕ್ಸ್‌ಗೆ ವಾಟೆವರ್‌ಗ್ರೀನ್, ಇವೆರಡಕ್ಕೂ ಆಧಾರವಾಗಿ ಲೀಲು, ಹೀಗೆ ಒಂದೊಂದು ಕಾರ್ಯಕ್ಕೆ ಒಂದೊಂದು. ಇವೆಲ್ಲವನ್ನೂ ನಿಯಂತ್ರಿಸುವುದು ಕಾನ್‌ಫಿಗ್ ಪಿಲಿಸ್ಟ್ ಎಂಬ ಒಂದು ಕಡತ; ಅದರಲ್ಲಿ ‘ಹೌದು’ ಇರಬೇಕಾದೆಡೆ ‘ಅಲ್ಲ’ ಎಂದಿದ್ದರೂ ಸಾಕು, ಯಂತ್ರವು ಮೌನ ತಾಳುತ್ತದೆ.

ಈ ಮೌನವನ್ನು ಮುರಿಯುವುದೇ ಚಿಕಿತ್ಸೆಯ ಪ್ರಥಮ ಸೋಪಾನ. ಆಪಲ್‌ನ ಚಿಹ್ನೆ ಮೂಡಿ, ಅದರ ಕೆಳಗಿನ ಗೆರೆ ಅರ್ಧ ತುಂಬಿ ನಿಂತುಬಿಟ್ಟರೆ ಅದರಿಂದ ಏನೂ ತಿಳಿಯದು. ಬೂಟ್ ಆರ್ಗ್ಯುಮೆಂಟ್‌ಗಳಲ್ಲಿ ‘-ವಿ’ ಎಂದು ಸೇರಿಸಿದರೆ ಚಿಹ್ನೆ ಮರೆಯಾಗಿ, ಯಂತ್ರವು ತಾನು ಮಾಡುತ್ತಿರುವುದನ್ನು ಸಾಲುಸಾಲಾಗಿ ನುಡಿಯತೊಡಗುತ್ತದೆ. ನಿಂತಾಗ ಕೊನೆಯಲ್ಲಿ ಉಳಿದ ಸಾಲು ನಮ್ಮ ಕೈಗೆ ಸಿಗುತ್ತದೆ. ಆದರೆ ಎಡದ ತೋಳು ನೋಯುತ್ತಿದೆಯೆಂದು ಬಂದ ರೋಗಿಯ ತೋಳನ್ನಷ್ಟೇ ನೋಡದೆ ಹೃದಯವನ್ನೂ ಪರೀಕ್ಷಿಸುವ ವೈದ್ಯನಂತೆ, ಈ ಕೊನೆಯ ಸಾಲನ್ನು ಓದುವವನೂ ಅದರ ಹಿಂದಿರುವುದನ್ನು ಊಹಿಸಬಲ್ಲವನಾಗಿರಬೇಕು.

ಒಂದು ನಿದರ್ಶನವನ್ನು ತೆಗೆದುಕೊಳ್ಳೋಣ. ಕೊನೆಯ ಸಾಲಿನಲ್ಲಿ ‘ಎಕ್ಸಿಟ್‌ಬಿಎಸ್ ಸ್ಟಾರ್ಟ್’ ಎಂದು ಬಂದು ಎಲ್ಲವೂ ಸ್ತಬ್ಧವಾದರೆ, ಮ್ಯಾಕ್ ಓಎಸ್ ಕೆಟ್ಟಿದೆಯೆಂದು ಭಾವಿಸಿ ಮತ್ತೆ ಡೌನ್‌ಲೋಡ್ ಮಾಡಿಕೊಳ್ಳುವವರುಂಟು. ಯಥಾರ್ಥದಲ್ಲಿ ಅದು ಫರ್ಮ್‌ವೇರ್ ತನ್ನ ಅಧಿಕಾರವನ್ನು ಬಿಟ್ಟುಕೊಟ್ಟು ಕರ್ನಲ್ ಅದನ್ನು ವಹಿಸಿಕೊಳ್ಳುವ ಸಂಧಿಕಾಲ. ಮೆಮೊರಿಯ ಯಾವ ಭಾಗ ಯಾರದೆಂಬ ನಕ್ಷೆಯನ್ನು ಮದರ್‌ಬೋರ್ಡು ಆಪಲ್‌ನ ನಿರೀಕ್ಷೆಗೆ ವಿರುದ್ಧವಾಗಿ ಬರೆದಿರುವುದೇ ಇಲ್ಲಿ ಸಾಮಾನ್ಯವಾದ ಕಾರಣ; ಅದನ್ನು ಸರಿಪಡಿಸುವ ಸ್ವಿಚ್ಚುಗಳು ಓಪನ್‌ಕೋರ್‌ನ ಬೂಟರ್ ವಿಭಾಗದಲ್ಲಿರುತ್ತವೆ. ಕೆಲವೊಮ್ಮೆ ಕಾರಣವು ಇನ್ನೂ ಹಿಂದೆ, ಬಯಾಸ್‌ನಲ್ಲಿಯೇ ಇರುತ್ತದೆ: ಸಿಎಫ್‌ಜಿ ಲಾಕ್ ತೆರೆದಿರದಿದ್ದರೆ ಕರ್ನಲ್ ತಾನು ಬರೆಯಬೇಕೆಂದಿದ್ದ ಪ್ರೊಸೆಸರ್ ರಿಜಿಸ್ಟರನ್ನು ಬರೆಯಲಾರದೆ ಬಿದ್ದುಹೋಗುತ್ತದೆ. ಆದಕಾರಣ ಅನುಭವಸ್ಥರು ಬಯಾಸ್‌ನಲ್ಲಿ ಸೆಕ್ಯೂರ್ ಬೂಟ್, ಫಾಸ್ಟ್ ಬೂಟ್, ಸಿಎಸ್‌ಎಂ ಇವನ್ನು ನಿಷ್ಕ್ರಿಯಗೊಳಿಸಿ, ಅಬವ್ 4ಜಿ ಡೀಕೋಡಿಂಗ್ ಅನ್ನು ಚಾಲೂ ಮಾಡಿ, ಸಾಟಾ ಮೋಡನ್ನು ಎಎಚ್‌ಸಿಐಗೆ ತಿರುಗಿಸದೆ ಮುಂದಿನ ಹೆಜ್ಜೆಯಿಡುವುದಿಲ್ಲ.

ಎರಡನೆಯ ನಿದರ್ಶನ ಇನ್ನೂ ಸ್ವಾರಸ್ಯವಾದುದು. ‘ಸ್ಟಿಲ್ ವೇಟಿಂಗ್ ಫಾರ್ ರೂಟ್ ಡಿವೈಸ್’ ಎಂಬ ಸಾಲು ಮತ್ತೆ ಮತ್ತೆ ಬಂದು, ಕಡೆಗೆ ಅಡ್ಡಗೆರೆ ಎಳೆದ ವೃತ್ತವೊಂದು ತೆರೆಯ ಮೇಲೆ ಮೂಡುತ್ತದೆ. ಇನ್‌ಸ್ಟಾಲರ್ ಇರುವ ಪೆನ್‌ಡ್ರೈವಿನಿಂದಲೇ ಯಂತ್ರ ಏಳುತ್ತಿರುವಾಗ, ಆ ಪೆನ್‌ಡ್ರೈವೇ ಕಾಣುತ್ತಿಲ್ಲವೆಂದು ಅದು ದೂರುವುದು ಆಶ್ಚರ್ಯವಲ್ಲವೆ? ಪೆನ್‌ಡ್ರೈವನ್ನು ಮೊದಲು ಓದಿದ್ದು ಫರ್ಮ್‌ವೇರ್. ಆಮೇಲೆ ಓದಬೇಕಾದುದು ಮ್ಯಾಕ್ ಓಎಸ್‌ನ ಸ್ವಂತ ಡ್ರೈವರ್. 2015ರ ಎಲ್ ಕ್ಯಾಪಿಟನ್ ಆವೃತ್ತಿಯಿಂದೀಚೆಗೆ ಮ್ಯಾಕ್ ಓಎಸ್ ಒಂದು ಯುಎಸ್‌ಬಿ ನಿಯಂತ್ರಕಕ್ಕೆ 15 ಪೋರ್ಟುಗಳಷ್ಟನ್ನೇ ಲೆಕ್ಕಕ್ಕೆ ಹಿಡಿಯುತ್ತದೆ. ಯುಎಸ್‌ಬಿ 3ರ ಒಂದು ರಂಧ್ರವು ಹಳೆಯ ವೇಗಕ್ಕೊಂದು, ಹೊಸ ವೇಗಕ್ಕೊಂದು ಎಂದು ಎರಡಾಗಿ ಎಣಿಕೆಯಾಗುವುದರಿಂದ, ಅಂತಹ 10 ರಂಧ್ರಗಳುಳ್ಳ ಮದರ್‌ಬೋರ್ಡಿನಲ್ಲಿ ಲೆಕ್ಕವು 20ಕ್ಕೆ ಏರಿ, ಮಿತಿಯ ಹೊರಗುಳಿದ ಪೋರ್ಟು ಇದ್ದೂ ಇಲ್ಲದಂತಾಗುತ್ತದೆ. ಪೆನ್‌ಡ್ರೈವನ್ನು ಬೇರೆ ಪೋರ್ಟಿಗೆ ಚುಚ್ಚುವುದು ತಾತ್ಕಾಲಿಕ ಶಮನ. ನಮಗೆ ಬೇಕಾದ 15ನ್ನು ಆರಿಸಿ ಪೋರ್ಟುಗಳ ನಕ್ಷೆಯೊಂದನ್ನು ತಯಾರಿಸಿಕೊಳ್ಳುವುದೇ ಶಾಶ್ವತವಾದ ಪರಿಹಾರ. ಮುಂದೆ ಯಂತ್ರವು ನಿದ್ರೆಗೆ ಜಾರಿದೊಡನೆ ಎಚ್ಚರಗೊಳ್ಳುವ ಪೀಡೆಯೂ ಎಷ್ಟೋ ಸಲ ಈ ನಕ್ಷೆಯಿಂದಲೇ ತೀರುತ್ತದೆ.

ಇನ್‌ಸ್ಟಾಲರ್ ತೆರೆದುಕೊಂಡ ಮೇಲೂ ಭ್ರಮೆಗಳು ತಪ್ಪವು. ಡಿಸ್ಕ್ ಯುಟಿಲಿಟಿಯಲ್ಲಿ ಹೊಸ ಎಸ್‌ಎಸ್‌ಡಿ ಕಾಣದಿದ್ದರೆ, ಮೇಲಿನ ವ್ಯೂ ಮೆನುವಿನಲ್ಲಿ ಎಲ್ಲ ಡಿವೈಸ್‌ಗಳನ್ನೂ ತೋರಿಸೆಂದು ಕೇಳದೆ ಅದನ್ನು ಸತ್ತಿತೆಂದು ತೀರ್ಮಾನಿಸಬಾರದು. ಕಂಡ ಮೇಲೆ ಅದಕ್ಕೆ ಜಿಯುಐಡಿ ಪಾರ್ಟಿಷನ್ ಕ್ರಮವನ್ನೇ ಕೊಡಬೇಕು. ಹಳೆಯ ಆವೃತ್ತಿಯ ಇನ್‌ಸ್ಟಾಲರ್ ‘ಈ ಪ್ರತಿ ಹಾಳಾಗಿದೆ’ ಎಂದರೆ ಪ್ರತಿಯು ಹಾಳಾಗಿರಲೇಬೇಕೆಂದಿಲ್ಲ. ಅದರೊಳಗಿನ ಪ್ರಮಾಣಪತ್ರದ ಅವಧಿ ಮುಗಿದಿರಬಹುದು. ಆಪಲ್‌ನ ಅಂತಹ ಒಂದು ಪ್ರಮಾಣಪತ್ರ 2019ರ ಅಕ್ಟೋಬರ್ 24ರಂದು ಮುಗಿದು, ಅದಕ್ಕೆ ಮುನ್ನ ಇಳಿಸಿಟ್ಟುಕೊಂಡಿದ್ದ ಎಷ್ಟೋ ಒಳ್ಳೆಯ ಪ್ರತಿಗಳು ಈ ಅಪವಾದಕ್ಕೆ ಗುರಿಯಾದವು.

ಎಲ್ಲಕ್ಕಿಂತ ದೂರದಲ್ಲಿ ಅಡಗಿರುವ ದೋಷವು ಅಂಗಡಿಯ ಕಟ್ಟೆಯಲ್ಲಿಯೇ ನಿಶ್ಚಯವಾಗಿಬಿಟ್ಟಿರುತ್ತದೆ. ಎನ್ವಿಡಿಯಾದ ಆರ್‌ಟಿಎಕ್ಸ್ ಶ್ರೇಣಿಯ ಕಾರ್ಡುಗಳಿಗೆ ಮ್ಯಾಕ್ ಓಎಸ್‌ನಲ್ಲಿ ಡ್ರೈವರ್ ಎಂಬುದೇ ಹುಟ್ಟಲಿಲ್ಲ. ಅದಕ್ಕೆ ಹಿಂದಿನ ಜಿಟಿಎಕ್ಸ್ 1060ರಂತಹ ಕಾರ್ಡುಗಳ ಭಾಗ್ಯವೂ 2017ರ ಹೈ ಸಿಯೆರಾದೊಂದಿಗೆ ಕೊನೆಗೊಂಡಿತು. ಇಂಟೆಲ್‌ನ 11ನೆಯ ತಲೆಮಾರಿನಿಂದೀಚಿನ ಪ್ರೊಸೆಸರುಗಳ ಒಳಗ್ರಾಫಿಕ್ಸ್‌ಗೂ ಡ್ರೈವರ್ ಇಲ್ಲ. ಇಂತಹ ಭಾಗಗಳನ್ನು ಇಟ್ಟುಕೊಂಡು ಕಡತಗಳನ್ನು ಎಷ್ಟು ತಿದ್ದಿದರೂ ಫಲವಿಲ್ಲ. ಎಎಂಡಿಯ ಆರ್‌ಎಕ್ಸ್ 580, 5700 ಎಕ್ಸ್‌ಟಿ, 6600 ಎಕ್ಸ್‌ಟಿ ಮೊದಲಾದವು ನಡೆಯುತ್ತವೆ. ಆದರೆ 5000 ಮತ್ತು 6000 ಶ್ರೇಣಿಯವು ಸಾಲುಗಳೆಲ್ಲ ಸರಿಯಾಗಿ ಓಡಿದ ಮೇಲೆ ಒಮ್ಮೆಗೇ ಕಪ್ಪು ಪರದೆಯನ್ನು ತೋರಿಸುವುದುಂಟು. ಆಗ ಕಾರ್ಡಾಗಲಿ ಮಾನಿಟರಾಗಲಿ ಕೆಟ್ಟಿರುವುದಿಲ್ಲ. ಯಂತ್ರವು ಯಾವ ಮಾದರಿಯೆಂದು ‘ಬೋರ್ಡ್-ಐಡಿ’ ಎಂಬ ಗುರುತಿನ ಮೂಲಕ ವಿಚಾರಿಸಿ, ಆ ಮಾದರಿಗೆ ತಕ್ಕಂತೆ ತೆರೆಗಳನ್ನು ತೆರೆಯುವ ನೀತಿಯೊಂದು ಮ್ಯಾಕ್ ಓಎಸ್‌ನಲ್ಲಿದೆ. ‘ಪಿಕೆರಾ’ ಎಂಬ ಆಯ್ಕೆಯನ್ನು ಬೂಟ್ ಆರ್ಗ್ಯುಮೆಂಟಿನಲ್ಲಿ ಬರೆದರೆ ವಾಟೆವರ್‌ಗ್ರೀನ್ ‘ಬೋರ್ಡ್-ಐಡಿ’ ಎಂಬ ಪದವನ್ನು ‘ಬೋರ್ಡ್-ಐಎಕ್ಸ್’ ಎಂದು ಮಾರ್ಪಡಿಸುತ್ತದೆ. ವಿಚಾರಣೆಗೆ ಉತ್ತರ ದೊರೆಯದೆ ನೀತಿಯು ಸುಮ್ಮನಾಗುತ್ತದೆ, ಚಿತ್ರ ಮೂಡುತ್ತದೆ.

ಹೀಗಿರಲಾಗಿ, ಕ್ರಮಬದ್ಧತೆಯೊಂದೇ ಇಲ್ಲಿ ರಕ್ಷೆ. ಬೇರೊಬ್ಬರ ಇಎಫ್‌ಐ ಫೋಲ್ಡರನ್ನು ಇಡಿಯಾಗಿ ತಂದು ಹಾಕಿಕೊಂಡರೆ ಅವರ ಮದರ್‌ಬೋರ್ಡಿನ ಊಹೆಗಳೆಲ್ಲವೂ ನಮ್ಮ ಯಂತ್ರಕ್ಕೆ ಬಂದು ಸೇರುತ್ತವೆ. ಜೊತೆಗೆ ಅವರ ಸೀರಿಯಲ್ ಸಂಖ್ಯೆಯೂ ಬಂದು, ಐಮೆಸೇಜ್ ನಡೆಯದೆ, ಇಂಟರ್ನೆಟ್ಟನ್ನು ವೃಥಾ ದೂರುವಂತಾಗುತ್ತದೆ. ಒಂದು ಸಲಕ್ಕೆ ಒಂದೇ ಬದಲಾವಣೆ, ಬದಲಾಯಿಸುವ ಮುನ್ನ ಹಳೆಯ ಕಡತದ ಪ್ರತಿ, ಬದಲಾಯಿಸಿದ ಮೇಲೆ ಎನ್‌ವಿರ‍್ಯಾಮ್ ರೀಸೆಟ್, ಕೊನೆಯ ಸಾಲಿನ ಫೋಟೋ: ಇಷ್ಟನ್ನು ತಪ್ಪದೆ ಪಾಲಿಸುವವನಿಗೆ, ಈಗ ನಿಂತದ್ದು ಹಿಂದಿನ ಸಲಕ್ಕಿಂತ ಮುಂದೆಯೋ ಹಿಂದೆಯೋ ಎಂಬುದಾದರೂ ತಿಳಿದಿರುತ್ತದೆ. ಪ್ರಯೋಗದ ಬೂಟ್‌ಲೋಡರನ್ನು ಪೆನ್‌ಡ್ರೈವಿನಲ್ಲಿಯೇ ಇಟ್ಟುಕೊಂಡು, ಎಲ್ಲವೂ ಸ್ಥಿರವಾದ ಮೇಲೆ ಡಿಸ್ಕಿಗೆ ವರ್ಗಾಯಿಸುವುದು ವಿವೇಕ.

ಈ ವಿದ್ಯೆಗೆ ಆಯುಷ್ಯ ಹೆಚ್ಚಿಲ್ಲವೆಂಬುದನ್ನೂ ಹೇಳಬೇಕು. 2020ರಲ್ಲಿ ಆಪಲ್ ಇಂಟೆಲನ್ನು ತೊರೆದು ತನ್ನದೇ ಪ್ರೊಸೆಸರುಗಳಿಗೆ ತಿರುಗಿತು. 2025ರ ಜೂನ್ ತಿಂಗಳಿನಲ್ಲಿ, ಮ್ಯಾಕ್ ಓಎಸ್ 26, ಅಂದರೆ ಟಾಹೋ, ಇಂಟೆಲ್ ಯಂತ್ರಗಳಲ್ಲಿ ನಡೆಯುವ ಕಡೆಯ ಆವೃತ್ತಿಯೆಂದು ಸಾರಿತು. ಪ್ರೊಸೆಸರಿನ ಕುಲವೇ ಬೇರೆಯಾದ ಮೇಲೆ ಬೂಟ್‌ಲೋಡರಿನ ಪರಿಚಯದ ಮಾತು ಸಾಲದು. ಆದುದರಿಂದ ಇದಕ್ಕಾಗಿಯೇ ಇಂದು ಹೊಸ ಯಂತ್ರವನ್ನು ಕೊಳ್ಳುವುದು ಹಣದ ಅಪವ್ಯಯ. ದಿನನಿತ್ಯದ ಉದ್ಯೋಗಕ್ಕೆ ಮ್ಯಾಕ್ ಬೇಕಾದವರು ಹಳೆಯದಾದರೂ ಆಪಲ್‌ನ ಯಂತ್ರವನ್ನೇ ಕೊಳ್ಳುವುದು ಲೇಸು. ಮನೆಯಲ್ಲಿ ಈಗಾಗಲೇ ಇರುವ ಇಂಟೆಲ್ ಯಂತ್ರದ ಮೇಲೆ ಕಲಿಯಬಯಸುವ ಕುತೂಹಲಿಗೆ ಮಾತ್ರ, ಗಣಕಯಂತ್ರವು ಗುಂಡಿ ಒತ್ತಿದಾಗಿನಿಂದ ಪರದೆ ಬೆಳಗುವವರೆಗೆ ಏನೇನು ಮಾಡುತ್ತದೆಂಬುದನ್ನು ಇಷ್ಟು ವಿವರವಾಗಿ ಕಲಿಸುವ ಪಾಠ ಬೇರೊಂದು ಸಿಕ್ಕುವುದು ಕಷ್ಟ.