ಮನೆಯ ಜಾಲಕ್ಕೆ ತಕ್ಕ ಸ್ವಿಚ್

ಪಶ್ಚಿಮ ಬೆಂಗಳೂರಿನ ರಾಜಾಜಿನಗರ, ವಿಜಯನಗರ, ಬಸವೇಶ್ವರನಗರಗಳ ಅನೇಕ ಮನೆಗಳಿಗೆ ಇಂದು ಅಂತರಜಾಲವು ಕೂದಲೆಳೆಯಷ್ಟು ತೆಳುವಾದ ಗಾಜಿನ ತಂತುವಿನ ಮೂಲಕ ಬರುತ್ತದೆ. ಆ ಒಂದೇ ಸಂಪರ್ಕವನ್ನು ಗಣಕಯಂತ್ರ, ಟಿ.ವಿ., ಸಂಗೀತದ ಉಪಕರಣ ಮೊದಲಾದವುಗಳಿಗೆ ತಂತಿಗಳ ಮೂಲಕ ಹಂಚುವ ಪೆಟ್ಟಿಗೆಯೇ ನೆಟ್‌ವರ್ಕ್ ಸ್ವಿಚ್.

ಇದರ ಕಾರ್ಯವು ಅಂಚೆಯವನ ಕೆಲಸವನ್ನು ಹೋಲುತ್ತದೆ. ಮಾಹಿತಿಯು ಸಣ್ಣ ಸಣ್ಣ ಪೊಟ್ಟಣಗಳಾಗಿ ಬರುತ್ತದೆ. ಸ್ವಿಚ್ ಪ್ರತಿಯೊಂದರ ವಿಳಾಸವನ್ನು ಓದಿ, ಸೇರಬೇಕಾದ ಉಪಕರಣಕ್ಕೆ ತಲುಪಿಸುತ್ತದೆ.

ಆಯ್ಕೆಯಲ್ಲಿ ಮೊದಲು ಗಮನಿಸತಕ್ಕದ್ದು ವೇಗ. ಮನೆಯ ಸಂಪರ್ಕವು ಸೆಕೆಂಡಿಗೆ 300 ಮೆಗಾಬಿಟ್ ವೇಗದ್ದಾಗಿದ್ದರೂ, ಸ್ವಿಚ್ಚಿನ ವೇಗ 100 ಆದರೆ ಅದಕ್ಕೆ ಜೋಡಿಸಿದ ಉಪಕರಣಗಳಿಗೆ ಅದಕ್ಕಿಂತ ಹೆಚ್ಚು ದೊರೆಯದು. ಆದ್ದರಿಂದ 1000 ಮೆಗಾಬಿಟ್ಟಿನ, ಅಂದರೆ ಗಿಗಾಬಿಟ್ ಸ್ವಿಚ್ ಯೋಗ್ಯ. ಉಪಕರಣಗಳ ಸಂಖ್ಯೆಗಿಂತ ಕಿಂಡಿಗಳು ಹೆಚ್ಚಿರಬೇಕು. ಒಂದು ಕಿಂಡಿಯು ರೌಟರಿಗೇ ಮೀಸಲು. ತಾಮ್ರದ ಪ್ರತಿಯೊಂದು ತಂತಿಯ ಉದ್ದವೂ 100 ಮೀಟರನ್ನು ಮೀರಬಾರದು.

ಸಂಗೀತಕ್ಕೆಂದೇ ತಯಾರಿಸಿದ ದುಬಾರಿ ಸ್ವಿಚ್ಚುಗಳೂ ಮಾರಾಟಕ್ಕಿವೆ. ಆದರೆ ಸಿ.ಡಿ. ಗುಣಮಟ್ಟದ ಸಂಗೀತಕ್ಕೆ ಸೆಕೆಂಡಿಗೆ ಸುಮಾರು 1.4 ಮೆಗಾಬಿಟ್ ಸಾಕು. ದಾರಿಯಲ್ಲಿ ಕೆಟ್ಟುಹೋದ ಪೊಟ್ಟಣವನ್ನು ಪರೀಕ್ಷಾ ಸಂಖ್ಯೆಯಿಂದ ಗುರುತಿಸಿ ಕೈಬಿಡಲಾಗುತ್ತದೆ. ಬದಲಿಗೆ ಇನ್ನೊಂದು ಪ್ರತಿ ಬರುತ್ತದೆ. ಸಂಗೀತದ ಉಪಕರಣವು ಪೊಟ್ಟಣಗಳನ್ನು ಕೂಡಿಟ್ಟುಕೊಂಡು, ತನ್ನೊಳಗಿನ ಗಡಿಯಾರಕ್ಕೆ ಅನುಸಾರವಾಗಿ ನುಡಿಸುತ್ತದೆ. ಆದಕಾರಣ ಸುಸ್ಥಿತಿಯಲ್ಲಿರುವ ಸಾಧಾರಣ ಸ್ವಿಚ್ಚಿನಿಂದ ಸಂಗೀತದ ಇಂಪು ಕುಂದದು. ಉಳಿದ ಹಣವನ್ನು ಒಳ್ಳೆಯ ಧ್ವನಿವರ್ಧಕಕ್ಕೆ ವಿನಿಯೋಗಿಸಿದರೆ ಅದರ ಫಲ ಕಿವಿಗೆ ತಿಳಿಯುತ್ತದೆ.

ಬೆಲೆಗೆ ಮರುಳಾಗದೆ ಅಗತ್ಯವನ್ನು ಅಳೆದು ಕೊಳ್ಳುವುದೇ ವಿವೇಕ.