ಜೆರೇನಿಯಂ ಗಿಡ ಯಾಕೆ ಸತ್ತಿತು?

ಆನೆಗೊಂದಿಯ ನಮ್ಮ ಕಲಿಕಾ ಕೇಂದ್ರಕ್ಕೆ ಒಬ್ಬ ಅಕ್ಕ ಬರುತ್ತಾರೆ. ಹಗಲು ಬಾಳೆ ನಾರಿನ ಹಗ್ಗ ಹೊಸೆಯುತ್ತಾರೆ. ಸಂಜೆ ಪಾಟಿ ಹಿಡಿದು ಬರುತ್ತಾರೆ. ಹೋದ ವರ್ಷ ಬೇಸಿಗೆಯ ಒಂದು ಸಂಜೆ ಅವರು ಪಾಟಿ ತೆಗೆಯಲೇ ಇಲ್ಲ. ಮೂಲೆಯಲ್ಲಿ ಸುಮ್ಮನೆ ಕುಳಿತುಬಿಟ್ಟರು.

"ಯಾಕಕ್ಕಾ, ಮೈಯಾಗ ಆರಾಮಿಲ್ಲೇನು?" ಎಂದು ಕೇಳಿದೆವು.

"ಆರಾಮ ಅದೀನ್ರಿ ಟೀಚರ್. ನನ್ನ ಹೂವಿನ ಗಿಡ ಸತ್ತು ಹೋತ್ರಿ. ಮನ್ಯಾಗ ಎಲ್ಲಾರೂ ನನಗ ಅನ್ನಾಕ ಹತ್ಯಾರ" ಎಂದರು.

ಅವರ ತಮ್ಮ ಬೆಂಗಳೂರಿನಲ್ಲಿ ಗಾರೆ ಕೆಲಸ ಮಾಡುತ್ತಾನೆ. ಸಂಕ್ರಾಂತಿಗೆ ಊರಿಗೆ ಬರುವಾಗ ಅಕ್ಕನಿಗೆಂದು ಒಂದು ಗಿಡ ತಂದಿದ್ದ. ಎಲೆ ದುಂಡಗೆ. ಎಲೆಯ ನಡುವೆ ಬಳೆಯಂತೆ ಒಂದು ಕಂದು ಗೆರೆ. ಉದ್ದ ಕಡ್ಡಿಯ ತುದಿಗೆ ಗೊಂಚಲು ಗೊಂಚಲು ಕೆಂಪು ಹೂ. ಅದರ ಹೆಸರು ಜೆರೇನಿಯಂ. ಯುಗಾದಿಯವರೆಗೆ ಗಿಡ ಚೆನ್ನಾಗಿತ್ತು. ಆಮೇಲೆ ಎಲೆ ಹಳದಿಯಾಯಿತು. ಬುಡ ಕಪ್ಪಾಯಿತು. ಒಂದು ದಿನ ಗಿಡ ಬಿದ್ದೇಬಿಟ್ಟಿತು.

ಅತ್ತೆ ಹೇಳಿದರಂತೆ: "ಮುಟ್ಟಾದಾಗ ನೀರು ಹಾಕಿದಿ. ಅದಕ್ಕ ಸತ್ತೈತಿ." ಪಕ್ಕದ ಮನೆಯವರು ಹೇಳಿದರಂತೆ: "ನಿನ್ನ ಕೈಗುಣನ ಚಲೋ ಇಲ್ಲ." ಅಕ್ಕನಿಗೆ ಒಬ್ಬ ಮಗಳಿದ್ದಾಳೆ. ಹದಿಮೂರು ವರ್ಷ. ಆಗಷ್ಟೇ ದೊಡ್ಡವಳಾಗಿದ್ದಳು. ಇನ್ನು ಮುಂದೆ ನೀನೂ ಗಿಡದ ಹತ್ತಿರ ಹೋಗಬೇಡ ಎಂದು ಅವಳಿಗೂ ಕಟ್ಟಪ್ಪಣೆ ಆಯಿತು. ಅಕ್ಕನಿಗೆ ಗಿಡ ಸತ್ತದ್ದಕ್ಕಿಂತ ಇದೇ ಹೆಚ್ಚು ನೋವು.

"ಆ ಕುಂಡ ಹಾಂಗ ತಗೊಂಡು ಬರ್ರಿ. ನೋಡೋಣ" ಎಂದೆವು.

ಮರುದಿನ ಕುಂಡ ಬಂತು. ಕಪ್ಪು ಪ್ಲಾಸ್ಟಿಕ್ ಕುಂಡ. ಎಲ್ಲರೂ ಸುತ್ತ ಕುಳಿತೆವು. ಮಣ್ಣನ್ನು ಹಾಳೆಯ ಮೇಲೆ ಸುರಿದೆವು. ಮಣ್ಣು ರೊಚ್ಚೆಯ ಹಾಗೆ ಇತ್ತು. ಚರಂಡಿಯ ವಾಸನೆ ಬಂತು. ಬೇರು ಬೆಳ್ಳಗೆ ಗಟ್ಟಿಯಾಗಿ ಇರಬೇಕಿತ್ತು. ಕಂದಾಗಿ ಮೆತ್ತಗಾಗಿತ್ತು. ಬೆರಳಿನಿಂದ ಎಳೆದರೆ ಸಿಪ್ಪೆ ಜಾರಿ ಬಂತು. ಕುಂಡದ ತಳ ತಿರುವಿ ನೋಡಿದೆವು. ತೂತು ಎರೆಮಣ್ಣಿನಿಂದ ಮುಚ್ಚಿಹೋಗಿತ್ತು.

"ದಿನಾ ಎಷ್ಟು ನೀರು ಹಾಕ್ತಿದ್ರಿ?"

"ಮುಂಜಾನೆ ಒಂದು ಚರಗಿ, ಸಂಜಿಗೆ ಒಂದು ಚರಗಿ. ಬ್ಯಾಸಗಿ ಅಲ್ಲೇನ್ರಿ? ಬಾಡಿದಂಗ ಕಾಣಾಕತ್ತಿತು. ಅದಕ್ಕ ಇನ್ನೊಂದು ಚರಗಿ ಹಾಕಿದೆ."

ಗಿಡ ಸತ್ತದ್ದು ಇದರಿಂದಲೇ. ಬಾಯಾರಿ ಸಾಯಲಿಲ್ಲ. ನೀರು ಹೆಚ್ಚಾಗಿ ಸತ್ತಿತು.

ಇದು ಹೇಗೆ? ಬೇರು ನೀರು ಕುಡಿಯುತ್ತದೆ. ಅದು ನಮಗೆ ಗೊತ್ತು. ಆದರೆ ಬೇರಿಗೆ ಗಾಳಿಯೂ ಬೇಕು. ಮಣ್ಣಿನ ಕಣಗಳ ನಡುವೆ ಸಣ್ಣ ಸಣ್ಣ ಸಂದುಗಳು ಇರುತ್ತವೆ. ಆ ಸಂದಿನಲ್ಲಿ ಗಾಳಿ ಇರುತ್ತದೆ. ಸದಾ ನೀರು ತುಂಬಿದರೆ ಗಾಳಿಗೆ ಜಾಗವಿಲ್ಲ. ಬೇರಿಗೆ ಉಸಿರು ಕಟ್ಟುತ್ತದೆ. ಕೊಳೆಯಲು ಶುರುವಾಗುತ್ತದೆ. ಕೊಳೆತ ಬೇರು ನೀರು ಎಳೆಯಲಾರದು. ಆಗ ಮಣ್ಣು ಹಸಿಯಾಗಿದ್ದರೂ ಮೇಲೆ ಎಲೆ ಬಾಡುತ್ತದೆ. ಬಾಡಿತಲ್ಲ ಎಂದು ನಾವು ಮತ್ತೆ ನೀರು ಹಾಕುತ್ತೇವೆ. ಗಿಡ ಇನ್ನೂ ಬೇಗ ಸಾಯುತ್ತದೆ.

ನೆಲ್ಲು ನೀರಿನಲ್ಲೇ ನಿಂತು ಬೆಳೆಯುತ್ತದಲ್ಲ ಎಂದು ಒಬ್ಬ ಅವ್ವ ಕೇಳಿದರು. ಒಳ್ಳೆಯ ಪ್ರಶ್ನೆ. ನೆಲ್ಲಿನ ಒಳಗೆ ಗಾಳಿ ಇಳಿಯಲು ದಾರಿಗಳಿವೆ. ಎಲೆಯಿಂದ ಬೇರಿನವರೆಗೆ ಗಾಳಿ ಹೋಗುತ್ತದೆ. ಜೆರೇನಿಯಂ ಗಿಡಕ್ಕೆ ಆ ಅನುಕೂಲ ಇಲ್ಲ. ಅದರ ತವರು ದಕ್ಷಿಣ ಆಫ್ರಿಕಾ. ಅಲ್ಲಿ ಅದು ನೀರು ಬಸಿದು ಹೋಗುವ ನೆಲದಲ್ಲಿ ಬೆಳೆಯುತ್ತದೆ. ದಪ್ಪ ಕಾಂಡದಲ್ಲಿ ತನಗೆ ಬೇಕಾದ ನೀರನ್ನು ಇಟ್ಟುಕೊಳ್ಳುತ್ತದೆ. ಸುಮಾರು 400 ವರ್ಷಗಳ ಹಿಂದೆ ಈ ಜಾತಿಯ ಗಿಡಗಳು ಹಡಗಿನಲ್ಲಿ ಯುರೋಪಿಗೆ ಹೋದವು. ಅಲ್ಲಿಂದ ಲೋಕವೆಲ್ಲ ಹರಡಿದವು. ಜೆರೇನಿಯಂ ಎಂಬ ಹೆಸರು ಗ್ರೀಕ್ ಭಾಷೆಯ ಕೊಕ್ಕರೆ ಎಂಬ ಮಾತಿನಿಂದ ಬಂದಿದೆ. ಇದರ ಬೀಜದ ಕಾಯಿ ಕೊಕ್ಕರೆಯ ಕೊಕ್ಕಿನಂತೆ ಚೂಪಾಗಿರುತ್ತದೆ. ನಮ್ಮ ಗದ್ದೆಯ ಕೊಕ್ಕರೆ ನೆನೆಸಿಕೊಳ್ಳಿ, ಹೆಸರು ಮರೆಯುವುದಿಲ್ಲ.

ಈಗ ಮುಟ್ಟಿನ ಮಾತಿಗೆ ಬರೋಣ. ನಮ್ಮ ಕೇಂದ್ರದಲ್ಲಿ ನೆಲ್ಲು ನಾಟಿಗೆ ಹೋಗುವವರೇ ಹೆಚ್ಚು. ಅವರನ್ನೇ ಕೇಳಿದೆವು. "ನಾಟಿ ಹಚ್ಚುವಾಗ ಮುಟ್ಟಾದರೆ ಮನ್ಯಾಗ ಕುಂದ್ರತೀರೇನು?" ಎಲ್ಲರೂ ನಕ್ಕರು. "ಕೂಲಿ ಯಾರು ಕೊಡತಾರ್ರೀ?" ಎಂದರು. ಹಾಗಾದರೆ ಎಷ್ಟು ಹೆಣ್ಣುಮಕ್ಕಳು ಮುಟ್ಟಿನ ದಿನಗಳಲ್ಲಿ ಸಸಿ ಹಚ್ಚಿದ್ದಾರೆ! ಆ ನೆಲ್ಲು ಬಾಡಿತೇ? ಇಲ್ಲ. ಗಂಗಾವತಿಯ ಅಕ್ಕಿ ನಾಡೆಲ್ಲ ಹೋಗುತ್ತದೆ. ಮುಟ್ಟು ಎಂದರೆ ಗರ್ಭಕೋಶದ ಒಳಪದರ ತಿಂಗಳಿಗೊಮ್ಮೆ ರಕ್ತದೊಡನೆ ಹೊರಗೆ ಬರುವುದು. ಅದು ಕೈಗೆ ಬರುವುದಿಲ್ಲ. ನೀರಿಗೆ ಬರುವುದಿಲ್ಲ. ಗಿಡಕ್ಕೆ ತಾಗುವುದೂ ಇಲ್ಲ.

ಅಕ್ಕ ತಲೆಯಾಡಿಸಿದರು. ಆದರೂ, "ನಮ್ಮತ್ತಿಗೆ ಹೇಳಾಕ ಬಾಯಿಮಾತು ಸಾಲಂಗಿಲ್ರಿ. ಗಿಡಾನ ತೋರಸಬೇಕು" ಎಂದರು. ಸರಿ, ಗಿಡವನ್ನೇ ಬೆಳೆಸಿ ತೋರಿಸೋಣ ಎಂದೆವು. ಆದರೆ ಬೇಸಿಗೆ ಮುಗಿಯುವವರೆಗೆ ಕಾಯಬೇಕಾಯಿತು.

ಯಾಕೆ ಕಾಯಬೇಕು? ಜೆರೇನಿಯಂ ಗಿಡಕ್ಕೆ ತಂಪು ಹವೆ ಇಷ್ಟ. ಹಗಲು 20ರಿಂದ 25 ಡಿಗ್ರಿ ಇದ್ದರೆ ಚೆನ್ನಾಗಿ ಹೂ ಬಿಡುತ್ತದೆ. ಬಿಸಿಲು 30 ಡಿಗ್ರಿ ದಾಟಿ ಏರಿದ ಹಾಗೆ ಹೂ ಕಡಿಮೆಯಾಗುತ್ತದೆ. ಬೆಂಗಳೂರು ಸಮುದ್ರಕ್ಕಿಂತ ಸುಮಾರು 900 ಮೀಟರ್ ಎತ್ತರದಲ್ಲಿದೆ. ಅಲ್ಲಿ ತಂಪು. ನಮ್ಮೂರಿನ ಎತ್ತರ ಅದರ ಅರ್ಧದಷ್ಟು. ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿ 40 ಡಿಗ್ರಿ ಬರುತ್ತದೆ. ಮೇಲಾಗಿ ನಮ್ಮ ಸುತ್ತ ಎಲ್ಲಿ ನೋಡಿದರೂ ಬಂಡೆ. ಮಧ್ಯಾಹ್ನ ಅಂಜನಾದ್ರಿ ಬೆಟ್ಟದ ಮೆಟ್ಟಿಲು ಬರಿಗಾಲಲ್ಲಿ ಹತ್ತಿದವರಿಗೆ ಗೊತ್ತು, ಕಲ್ಲು ಎಷ್ಟು ಕಾಯುತ್ತದೆ ಎಂದು. ಹೊತ್ತು ಮುಳುಗಿದರೂ ಬಂಡೆ ಬಿಸಿ ಬಿಡುತ್ತಲೇ ಇರುತ್ತದೆ. ರಾತ್ರಿಯೂ ಗಿಡಕ್ಕೆ ತಂಪಿಲ್ಲ.

ಹಾಗಾದರೆ ನಮ್ಮೂರಲ್ಲಿ ಈ ಗಿಡ ಬೇಡವೇ? ಬೇಡ ಎನ್ನುವುದಿಲ್ಲ. ಬೆಳೆಸುವ ರೀತಿ ಬೇರೆ. ನಮ್ಮ ಕಡೆ ಇದು ಚಳಿಗಾಲದ ಹೂ. ಬೇಸಿಗೆ ಇದಕ್ಕೆ ಜೀವ ಹಿಡಿದುಕೊಂಡು ಇರುವ ಕಾಲ ಅಷ್ಟೇ.

ಕುಂಡ ಮತ್ತು ಮಣ್ಣು

ಮಣ್ಣಿನ ಕುಂಡ ಒಳ್ಳೆಯದು. ಕುಡಿಯುವ ನೀರಿನ ಗಡಿಗೆ ನೋಡಿ. ಅದರ ಮೈ ಸಣ್ಣಗೆ ಬೆವರುತ್ತದೆ. ಬೆವರು ಆರುವಾಗ ಒಳಗಿನ ನೀರು ತಣ್ಣಗಾಗುತ್ತದೆ. ಮಣ್ಣಿನ ಕುಂಡವೂ ಹಾಗೆಯೇ ಬೆವರುತ್ತದೆ. ಬೇರು ತಂಪಾಗಿರುತ್ತದೆ. ಕಪ್ಪು ಪ್ಲಾಸ್ಟಿಕ್ ಕುಂಡ ಬೆವರುವುದಿಲ್ಲ. ಬಿಸಿಲಿಗೆ ಇಟ್ಟರೆ ಹೆಂಚಿನ ಹಾಗೆ ಕಾಯುತ್ತದೆ. ಕೊಳ್ಳಲು ದುಡ್ಡಿಲ್ಲವೇ? ಸೋರುವ ಹಳೆಯ ಗಡಿಗೆ ಸಾಕು. ತಳಕ್ಕೆ ಎರಡು ಮೂರು ತೂತು ಮಾಡಿ. ತೂತಿನ ಮೇಲೆ ಒಂದು ಹೆಂಚಿನ ಚೂರು ಇಡಿ. ನೀರು ಹೋಗುತ್ತದೆ, ಮಣ್ಣು ಹೋಗುವುದಿಲ್ಲ.

ಬರಿ ಎರೆಮಣ್ಣು ತುಂಬಬೇಡಿ. ಅದು ನೀರು ಹಿಡಿದು ಬಿಡುವುದಿಲ್ಲ. ಎರಡು ಬುಟ್ಟಿ ಕೆಂಪು ಮಣ್ಣು, ಒಂದು ಬುಟ್ಟಿ ಉಸುಕು, ಒಂದು ಬುಟ್ಟಿ ಚೆನ್ನಾಗಿ ಕಳಿತ ತಿಪ್ಪೆ ಗೊಬ್ಬರ ಕಲಸಿ. ಹಸಿ ಸಗಣಿ ಹಾಕಬಾರದು. ಗೊಬ್ಬರ ಹೆಚ್ಚಾದರೆ ಎಲೆಯೇ ಎಲೆ, ಹೂ ಇಲ್ಲ.

ಕುಂಡವನ್ನು ಎಲ್ಲಿ ಇಡಬೇಕು? ಮನೆಯ ಒಳಗೆ ಇಡಬಹುದು. ಆದರೆ ನಮ್ಮ ಹಳೆಯ ಮನೆಗಳ ಗೋಡೆ ದಪ್ಪ, ಕಿಟಕಿ ಸಣ್ಣ. ಒಳಕೋಣೆಯ ಕತ್ತಲಲ್ಲಿ ಗಿಡ ಬೆಳಕು ಹುಡುಕಿ ಉದ್ದುದ್ದ ಸೊರಗುತ್ತದೆ. ಮೂಡಲ ದಿಕ್ಕಿನ ಕಿಟಕಿ ಇದ್ದರೆ ಅಲ್ಲಿ ಇಡಿ. ಇಲ್ಲವೇ ಪಡಸಾಲೆಯಲ್ಲಿ ಮುಂಜಾನೆಯ ಬಿಸಿಲು ಬೀಳುವ ಕಡೆ ಇಡಿ. ಮಧ್ಯಾಹ್ನದ ಬಿಸಿಲು ಮಾತ್ರ ಬೇಡ. ಬೇಸಿಗೆಯಲ್ಲಿ ಹಾಸುಬಂಡೆಯ ಮೇಲೆ ನೇರವಾಗಿ ಇಡಬೇಡಿ. ಕೆಳಗೆ ಎರಡು ಕಟ್ಟಿಗೆ ತುಂಡು ಕೊಡಿ.

ಬೆರಳೇ ಅಳತೆ

ದಿನಾ ಇಷ್ಟು ನೀರು ಎಂಬ ಲೆಕ್ಕ ಇಲ್ಲ. ಬೆರಳಿನ ಎರಡು ಗೆಣ್ಣು ಮುಳುಗುವಷ್ಟು ಮಣ್ಣಿನೊಳಗೆ ತೂರಿಸಿ ನೋಡಿ. ಮಣ್ಣು ಬೆರಳಿಗೆ ಹತ್ತಿದರೆ ನೀರು ಬೇಡ. ಒಣಗಿದ್ದರೆ ನೀರು ಹಾಕಿ. ಹಾಕುವಾಗ ತೂತಿನಿಂದ ಹೊರಗೆ ಬರುವಷ್ಟು ಹಾಕಿ. ತಟ್ಟೆಯಲ್ಲಿ ನಿಂತ ನೀರು ಚೆಲ್ಲಿಬಿಡಿ. ಮತ್ತೆ ಒಣಗುವವರೆಗೆ ಮುಟ್ಟಬೇಡಿ. ಎಲೆಯ ಮೇಲೆ ನೀರು ಚಿಮುಕಿಸುವುದು ಬೇಡ, ಬುಡಕ್ಕೆ ಸಾಕು. ಮುಂಜಾನೆ ಹಾಕುವುದು ಒಳ್ಳೆಯದು. ಅಕ್ಕಿ ತೊಳೆದ ನೀರು ಆಗಾಗ ಹಾಕಬಹುದು. ಸಾಬೂನಿನ ನೀರು ಬೇಡ.

ಶಿವರಾತ್ರಿ ದಾಟಿದ ಮೇಲೆ ಗಿಡವನ್ನು ನೆರಳಿಗೆ ಸರಿಸಿ. ಬೆಳಕು ಇರಬೇಕು, ಬಿಸಿಗಾಳಿ ಬಡಿಯಬಾರದು. ಗೊಬ್ಬರ ನಿಲ್ಲಿಸಿ. ಮೊಗ್ಗು ಬಂದರೆ ಚಿವುಟಿ. ಅದು ಹೂವಿಗೆ ಶಕ್ತಿ ಖರ್ಚು ಮಾಡುವುದು ಬೇಡ. ಎಲೆ ಉದುರಿದರೆ ಹೆದರಬೇಡಿ. ಕಾಂಡ ಗಟ್ಟಿಯಾಗಿ ಹಸಿರಾಗಿದ್ದರೆ ಜೀವ ಇದೆ ಎಂದೇ ಅರ್ಥ. ಜೂನ್‌ನಲ್ಲಿ ಮೃಗಶಿರಾ ಮಳೆ ಬಂದಾಗ ಹೊರಗೆ ಇಟ್ಟು ತೋಯಿಸಬೇಡಿ.

ಇಷ್ಟು ಮಾಡಿದರೂ ಕೆಲವು ಸಲ ಮೇ ತಿಂಗಳಲ್ಲಿ ಗಿಡ ಸಾಯುತ್ತದೆ. ಸುಳ್ಳು ಯಾಕೆ ಹೇಳಬೇಕು? ಅದಕ್ಕೇ ದೀಪಾವಳಿ ಆದ ಮೇಲೆ ಟೊಂಗೆ ಕತ್ತರಿಸಿ ಹೊಸ ಗಿಡ ಮಾಡಿಕೊಳ್ಳಬೇಕು. ನಾಲ್ಕು ಬೆರಳಗಲ ಉದ್ದದ, ಹೂ ಇಲ್ಲದ ಟೊಂಗೆ ಆರಿಸಿ. ಗೆಣ್ಣಿನ ಕೆಳಗೆ ಚೂಪಾದ ಕುಡುಗೋಲಿನಿಂದ ಕತ್ತರಿಸಿ. ಕೆಳಗಿನ ಎಲೆ ತೆಗೆಯಿರಿ. ತಕ್ಷಣ ನೆಡಬೇಡಿ. ನೆರಳಲ್ಲಿ ಅರ್ಧ ದಿನ ಇಡಿ. ಕತ್ತರಿಸಿದ ಗಾಯ ಒಣಗಬೇಕು. ಹಸಿ ಗಾಯದಿಂದಲೇ ಕೊಳೆ ಒಳಗೆ ಹೋಗುವುದು. ಆಮೇಲೆ ಉಸುಕು ಹೆಚ್ಚಿರುವ ಮಣ್ಣಿನಲ್ಲಿ ನೆಡಿ. ಮೂರು ನಾಲ್ಕು ವಾರದಲ್ಲಿ ಬೇರು ಬರುತ್ತದೆ. ಹಳೆಯ ಗಿಡದ ಬುಡ ಕಪ್ಪಾಗಲು ಶುರುವಾದರೂ ಇದೇ ಉಪಾಯ. ಮೇಲಿನ ಹಸಿರು ತುದಿ ಕತ್ತರಿಸಿ ಉಳಿಸಿಕೊಳ್ಳಬಹುದು.

ಒಂದು ಎಚ್ಚರಿಕೆ. ಜೆರೇನಿಯಂ ಎಲೆ ನೋಡಿ ಇದು ದೊಡ್ಡಪತ್ರೆ ಎಂದು ಕೆಲವರು ಮೋಸ ಹೋಗುತ್ತಾರೆ. ಮಕ್ಕಳ ನೆಗಡಿಗೆ ನಾವು ದೊಡ್ಡಪತ್ರೆ ರಸ ಕೊಡುತ್ತೇವೆ. ಜೆರೇನಿಯಂ ರಸ ಕೊಡಬಾರದು. ದೊಡ್ಡಪತ್ರೆ ಎಲೆ ದಪ್ಪ, ಜೋಡಿ ಜೋಡಿಯಾಗಿ ಎದುರುಬದುರು ಇರುತ್ತದೆ. ತಿಕ್ಕಿದರೆ ಅಜವಾನದ ವಾಸನೆ. ಜೆರೇನಿಯಂ ಎಲೆ ತೆಳು, ಅದರ ವಾಸನೆಯೇ ಬೇರೆ. ಇದರದೇ ಇನ್ನೊಂದು ಜಾತಿಯ ಎಲೆಗೆ ಗುಲಾಬಿಯ ಪರಿಮಳ ಇದೆ. ನೀಲಗಿರಿ ಬೆಟ್ಟದಲ್ಲಿ ಅದನ್ನು ಹೊಲದಲ್ಲಿ ಬೆಳೆದು ಎಣ್ಣೆ ತೆಗೆಯುತ್ತಾರೆ. ಆ ಎಣ್ಣೆ ಸಾಬೂನಿಗೆ, ಅತ್ತರಿಗೆ ಹೋಗುತ್ತದೆ.

ಎರಡು ಕುಂಡದ ಪರೀಕ್ಷೆ

ದಸರಾ ಮುಗಿದ ಮೇಲೆ ಹೊಸಪೇಟೆಯಿಂದ ಎರಡು ಗಿಡ ತಂದೆವು. ಒಂದೇ ಅಳತೆಯ ಎರಡು ಮಣ್ಣಿನ ಕುಂಡದಲ್ಲಿ ನೆಟ್ಟೆವು. ಕೇಂದ್ರದ ಕಿಟಕಿಯಲ್ಲಿ ಅಕ್ಕಪಕ್ಕ ಇಟ್ಟೆವು. ಒಂದನೇ ಕುಂಡಕ್ಕೆ ದಿನಕ್ಕೆ ಎರಡು ಸಲ ನೀರು. ಎರಡನೇ ಕುಂಡಕ್ಕೆ ಬೆರಳು ಹೇಳಿದಾಗ ಮಾತ್ರ ನೀರು. ಹನ್ನೊಂದು ಮಂದಿ ಪಾಳಿ ಹಾಕಿಕೊಂಡರು. ಮುಟ್ಟಾದರೂ ಪಾಳಿ ತಪ್ಪಿಸಬಾರದು, ಎರಡೂ ಕುಂಡ ಮುಟ್ಟಬೇಕು ಎಂದು ಮಾತಾಯಿತು. ಅಕ್ಕ ಒಂದು ನೋಟ್‌ಬುಕ್‌ನಲ್ಲಿ ದಿನಾಂಕ ಬರೆದರು. ಎದುರಿಗೆ "ಹಸಿ" ಅಥವಾ "ಒಣ" ಎಂದು ಬರೆದರು. ಮೊದಮೊದಲು "ಒಣ" ಬರೆಯುವಾಗ ಣಕಾರ ತಿರುಗುಮುರುಗು ಆಗುತ್ತಿತ್ತು. ಡಿಸೆಂಬರ್ ಹೊತ್ತಿಗೆ ದುಂಡಗಾಯಿತು.

ಎರಡೇ ಕುಂಡ, ದೊಡ್ಡ ಪರೀಕ್ಷೆ ಏನಲ್ಲ. ಆದರೂ ಕಣ್ಣಿಗೆ ಕಂಡಿತು. ಒಂದನೇ ಗಿಡದ ಎಲೆ ಆರನೇ ವಾರಕ್ಕೆ ಹಳದಿಯಾಯಿತು. ಸಂಕ್ರಾಂತಿಗೆ ಮುಂಚೆಯೇ ಬುಡ ಕಪ್ಪಾಯಿತು. ಎರಡನೇ ಗಿಡ ನಾಲ್ಕು ಗೊಂಚಲು ಹೂ ಬಿಟ್ಟಿತು. ಎರಡನ್ನೂ ಅದೇ ಕೈಗಳೇ ಮುಟ್ಟಿದ್ದವು.

ಅಕ್ಕ ಒಂದು ದಿನ ಅತ್ತೆಯನ್ನು ಕರೆದುಕೊಂಡು ಬಂದರು. ಅಜ್ಜಿ ಎರಡೂ ಕುಂಡ ನೋಡಿದರು. ನೋಟ್‌ಬುಕ್ ನೋಡಿದರು. ಅವರಿಗೆ ಓದಲು ಬಾರದು. ಮೊಮ್ಮಗಳು ಓದಿ ಹೇಳಿದಳು. ಅಜ್ಜಿ ಬಹಳ ಹೊತ್ತು ಏನೂ ಅನ್ನಲಿಲ್ಲ. ಆಮೇಲೆ ಎರಡನೇ ಕುಂಡದ ಮಣ್ಣಿನಲ್ಲಿ ತಾವೇ ಬೆರಳು ತೂರಿಸಿದರು. "ಇನ್ನಾ ಹಸಿ ಐತಿ" ಎಂದರು.

ಆ ಗಿಡದಿಂದ ಐದು ಟೊಂಗೆ ಕತ್ತರಿಸಿ ನೆಟ್ಟೆವು. ಮೂರು ಬದುಕಿದವು. ಒಂದು ಅಕ್ಕನ ಪಡಸಾಲೆಯಲ್ಲಿದೆ. ಅದಕ್ಕೆ ನೀರು ಹಾಕುವ ಪಾಳಿ ಈಗ ಮಗಳದು.